ನೀರಿನ ಟ್ಯಾಂಕ್ ಜೋತುಬಿದ್ದಿದೆ, ವೆಲ್ಡ್ ಮಾಡಿಸಿದರೆ ಸಾಕಾ?

ಪ್ರಶ್ನೆ: ಹಳೇ ಟಾಟಾ 407 ಮಿನಿಬಸ್ಸನ್ನು ಕ್ಯಾರವಾನ್ ಮಾಡಿಸಿ ಐದು ವರ್ಷ ಆಯಿತು. ಅಡುಗೆಗೆ, ಸ್ನಾನಕ್ಕೆ ಎಲ್ಲಕ್ಕೂ ಸೇರಿ ಒಂದೇ 200 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್. ಉದ್ದ 100 ಸೆಂ.ಮೀ., ಅಗಲ 60, ಎತ್ತರ 35. ಹಿಂದಿನ ಆಕ್ಸಲ್ ಆಚೆ, ಮೊದಲು ಸ್ಟೆಪ್ನಿ ಇದ್ದ ಜಾಗದಲ್ಲಿ, ಚಾಸಿಯ ಎರಡು ಚಾನೆಲ್ ನಡುವೆ ನೇತುಹಾಕಿದ್ದಾರೆ. ಅಡಿಗೆ 25 ಎಂಎಂ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಎರಡು, ದಪ್ಪ 3 ಎಂಎಂ. ಕಳೆದ ತಿಂಗಳು ಮುರುಡೇಶ್ವರಕ್ಕೆ ಹೋಗಿ ಗೇರುಸೊಪ್ಪೆ ಘಾಟಿ ಹತ್ತಿ ವಾಪಸ್ ಬರುವಾಗ ಹಂಪ್ ಸಿಕ್ಕಾಗಲೆಲ್ಲ ಹಿಂದೆ ‘ಟಕ್’ ಅಂತಿತ್ತು. ತಾಳಗುಪ್ಪದಲ್ಲಿ ಇಳಿದು ನೋಡಿದರೆ ಟ್ಯಾಂಕಿನ ಹಿಂದಿನ ಎಡಮೂಲೆ ನಾಲ್ಕು ಬೆರಳು ಕೆಳಗೆ ಬಂದಿದೆ, ವೆಲ್ಡಿಂಗ್ ಬಿಟ್ಟಿದೆ. ನೈಲಾನ್ ಹಗ್ಗದಲ್ಲಿ ಕಟ್ಟಿಕೊಂಡು ಶಿವಮೊಗ್ಗ ಸೇರಿದೆವು. ಎರಡು ವರ್ಷದ ಹಿಂದೆಯೂ ಅದೇ ಮೂಲೆ ಬಿಟ್ಟಿತ್ತು, ವೆಲ್ಡ್ ಮಾಡಿಸಿದ್ದೆ. ಮತ್ತೆ ಮಾಡಿಸಿದರೆ ಸಾಕಾ, ಟ್ಯಾಂಕನ್ನೇ ಬದಲಿಸಬೇಕಾ? ಇನ್ನೊಂದು ವಿಷಯ. ಮನೆ ಮೇಲಿನ ಸಿಂಟೆಕ್ಸಿನಿಂದ ಪೈಪ್ ಎಳೆದು ನೀರು ತುಂಬುವಾಗ ಬಾಯಿಂದ ವಾಪಸ್ ಉಕ್ಕುತ್ತದೆ. ಪೈಪಿಗೆ ಬಟ್ಟೆ ಸುತ್ತಿ ಬಿಗಿಯಾಗಿ ತುರುಕಿ ತುಂಬುತ್ತೇನೆ. ಇದಕ್ಕೂ ಏನಾದರೂ ದಾರಿ ಇದ್ದರೆ ತಿಳಿಸಿ.

ಉತ್ತರ: ಸಾರ್, ಆ ಕೊನೆಯ ಎರಡು ಸಾಲು ನೀವು ಬರೆಯದೇ ಇದ್ದಿದ್ದರೆ ನಾನೂ ‘ದಪ್ಪ ಆಂಗಲ್ ಹಾಕಿಸಿ’ ಅಂತ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ. ಬಟ್ಟೆ ತುರುಕುವ ವಿಷಯವನ್ನು ನೀವು ಬೇರೆ ಪ್ರಶ್ನೆ ಅಂದುಕೊಂಡಿದ್ದೀರಿ. ಅದು ಬೇರೆ ಅಲ್ಲ. ನಿಮ್ಮ ಮೂಲೆ ಬಿಟ್ಟಿದ್ದಕ್ಕೆ ಅರ್ಧ ಕಾರಣ ಅಲ್ಲೇ ಇದೆ ಅಂತ ನನಗೆ ಅನಿಸುತ್ತಿದೆ. ಅದಕ್ಕೆ ಬರುತ್ತೇನೆ.

ಮೊದಲು ಒಂದು ಮಾತು. ಟ್ಯಾಂಕಿನಲ್ಲಿ ಈಗ ನೀರಿದೆಯಾ? ಇದ್ದರೆ ಇದನ್ನು ಓದುವುದು ಬಿಟ್ಟು ಹೋಗಿ ಡ್ರೈನ್ ಕಾಕ್ ತೆಗೆಯಿರಿ. ತಾಳಗುಪ್ಪದಲ್ಲೇ ತೆಗೆಯಬೇಕಿತ್ತು. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ತುಂಬಿದ ಟ್ಯಾಂಕನ್ನು ಹಗ್ಗದಲ್ಲಿ ಕಟ್ಟಿ ಹತ್ತಿರ ಹತ್ತಿರ ನೂರು ಕಿಲೋಮೀಟರ್ ಬರುವುದು ಅಂದರೆ ಹಿಂದೆ ಬರುವ ಬೈಕಿನವನ ಅದೃಷ್ಟ ಪರೀಕ್ಷೆ ಮಾಡಿದ ಹಾಗೆ. ನೀರು ಚೆಲ್ಲಿದರೆ ಹೋಗಲಿ, ಟ್ಯಾಂಕ್ ರಸ್ತೆಗೆ ಬಿದ್ದರೆ?

ಈಗ ಬಟ್ಟೆ ವಿಷಯ. ನೀರು ಒಳಗೆ ಹೋಗಬೇಕಾದರೆ ಅಷ್ಟೇ ಗಾಳಿ ಹೊರಗೆ ಬರಬೇಕು. ಅದಕ್ಕಂತಲೇ ಟ್ಯಾಂಕಿನ ತಲೆಯ ಮೇಲಿಂದ ಒಂದು ಸಣ್ಣ ಗಾಳಿ ಪೈಪ್ ಹೊರಟಿರುತ್ತದೆ. ನಿಮ್ಮದರಲ್ಲಿ ಅದು ಕಟ್ಟಿಕೊಂಡಿದೆ, ಇಲ್ಲವೇ ಎಲ್ಲೋ ಮಡಿಚಿಕೊಂಡಿದೆ. ಗಾಳಿಗೆ ಬೇರೆ ದಾರಿ ಇಲ್ಲ, ಹಾಗಾಗಿ ನೀರು ಸುರಿಯುವ ಬಾಯಿಂದಲೇ ಬುರುಬುರು ಅಂತ ಮೇಲೆ ಬರುತ್ತದೆ. ಬರುವಾಗ ನೀರನ್ನೂ ಎತ್ತಿಕೊಂಡು ಬರುತ್ತದೆ. ನೀವು ಆ ಬಾಯನ್ನೂ ಬಟ್ಟೆ ತುರುಕಿ ಮುಚ್ಚಿಬಿಟ್ಟಿರಿ.

ಈಗ ಲೆಕ್ಕ ನೋಡಿ. ಟ್ಯಾಂಕಿನ ತಳ ಒಂದು ಮೀಟರಿಗೆ 0.6 ಮೀಟರ್, ಅಂದರೆ 0.6 ಚದರ ಮೀಟರ್. ಅದರ ಮೇಲೆ ಒಂದು ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೆ 600 ಲೀಟರ್, 600 ಕೆಜಿ. ಬಾಯಿ ಬಿಗಿಯಾಗಿ ಮುಚ್ಚಿ ಮೇಲಿಂದ ಪೈಪ್ ಬಿಟ್ಟರೆ ಟ್ಯಾಂಕಿನ ತಳಕ್ಕೆ ಬರುವ ಒತ್ತಡ ಒಳಗಿರುವ ನೀರಿನದ್ದಷ್ಟೇ ಅಲ್ಲ. ಮೇಲಿನ ಸಿಂಟೆಕ್ಸ್ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಎತ್ತರದ ನೀರಿನ ಒತ್ತಡ. ಒಂದು ಮಹಡಿ ಮನೆಯ ತಾರಸಿ ಅಂದರೂ ಐದಾರು ಮೀಟರ್ ಆಯಿತು. ಬಟ್ಟೆ ಸಂದಿಯಲ್ಲಿ ಒಂದಿಷ್ಟು ಸೋರುತ್ತದೆ, ಹಾಗಾಗಿ ಪೂರ್ತಿ ಒತ್ತಡ ನಿಲ್ಲುವುದಿಲ್ಲ, ನಿಂತಿದ್ದರೆ ಟ್ಯಾಂಕ್ ಯಾವಾಗಲೋ ಒಡೆಯುತ್ತಿತ್ತು. ಆದರೆ ಒಂದೇ ಮೀಟರಿನ ಒತ್ತಡ ನಿಂತರೂ ತಳವನ್ನು 600 ಕೆಜಿ ಕೆಳಕ್ಕೆ ಒತ್ತುತ್ತದೆ, ಮೇಲ್ಮೈಯನ್ನು ಅಷ್ಟೇ ಬಲದಲ್ಲಿ ಮೇಲಕ್ಕೆ. ಅದರಲ್ಲಿ ಸ್ವಲ್ಪವನ್ನು ಟ್ಯಾಂಕಿನ ಗೋಡೆ ತಡೆದುಕೊಳ್ಳುತ್ತದೆ. ಮಿಕ್ಕಿದ್ದೆಲ್ಲ ನಿಮ್ಮ ಎರಡು ಬಡಪಾಯಿ ಆಂಗಲ್ ಮತ್ತು ಟ್ಯಾಂಕನ್ನು ಮೇಲಿಂದ ಬಿಗಿದ ಪಟ್ಟಿಯ ಪಾಲಿಗೆ. 200 ಲೀಟರಿಗೆ ಅಂತ ಮಾಡಿದ ಕಬ್ಬಿಣದ ಕಟ್ಟು, ಅಂದರೆ ಟ್ಯಾಂಕ್ ಹೊರುವ ಚೌಕಟ್ಟು, ಪ್ರತಿ ಸಲ ತುಂಬುವಾಗಲೂ ಈ ಶಿಕ್ಷೆ ಅನುಭವಿಸಬೇಕು.

ಸುಮ್ನೆ ಲೆಕ್ಕ ಅಂದುಕೊಳ್ಳಬೇಡಿ, ಕಣ್ಣಾರೆ ನೋಡಿದ್ದೇನೆ. ನಮ್ಮ ಶೆಡ್ಡಿಗೆ ಇದೇ ರೀತಿ ಬಂದ ಒಂದು ಗಾಡಿಯ ಕೆಳಗೆ ಮಲಗಿ, ಹುಡುಗನಿಗೆ ನೀರು ಬಿಡು ಅಂದೆ. ಮುಕ್ಕಾಲು ತುಂಬುವ ಹೊತ್ತಿಗೆ ಟ್ಯಾಂಕ್ ‘ಪಟ್, ಪಟ್’ ಅನ್ನತೊಡಗಿತು. ಬಿಗಿಯಾಗಿದ್ದ ಪಟ್ಟಿಯ ಎರಡೂ ಬದಿಗೆ ಪ್ಲಾಸ್ಟಿಕ್ ದಿಂಬಿನ ಹಾಗೆ ಉಬ್ಬಿ ನಿಂತಿತ್ತು. ನೀರು ನಿಲ್ಲಿಸಿ, ಗಾಳಿ ಪೈಪಿನೊಳಗೆ ಬೈಂಡಿಂಗ್ ವೈರ್ ತೂರಿಸಿ ತಿರುವಿದೆ. ಮಣ್ಣಿನ ಬಿರಟೆ ಪುಡಿಪುಡಿಯಾಗಿ ಬಂತು, ಜೊತೆಗೆ ಒಣಗಿದ ಜೇಡಗಳು. ಮಣ್ಣಿನ ಗೂಡು ಕಟ್ಟುವ ಕಣಜ ಅಲ್ಲಿ ಸಂಸಾರ ಹೂಡಿತ್ತು. ಮರಿಗೆ ಊಟಕ್ಕೆ ಅಂತ ಜೇಡ ತುಂಬಿಟ್ಟು ಬಾಯಿಗೆ ಮಣ್ಣು ಮೆತ್ತಿ ಹೋಗಿತ್ತು. ಪೈಪ್ ತೆರೆದ ಕೂಡಲೇ ‘ಸ್ಸ್’ ಅಂತ ಗಾಳಿ ಬಂದು ಟ್ಯಾಂಕ್ ತನ್ನ ಆಕಾರಕ್ಕೆ ಬಂತು.

ನಿಮ್ಮದರಲ್ಲೂ ಮೊದಲು ಆ ಪೈಪ್ ಹುಡುಕಿ. ಬಾಯಿಯ ಪಕ್ಕದಲ್ಲೇ ಇರಬಹುದು, ಇಲ್ಲವೇ ಬಾಡಿಯೊಳಗಿಂದ ಮೇಲಕ್ಕೆ ಹೋಗಿರಬಹುದು. ಒಂದು ತುದಿಯಲ್ಲಿ ಊದಿದರೆ ನೀರು ಸುರಿಯುವ ಬಾಯಲ್ಲಿ ಗಾಳಿ ಬರಬೇಕು. ಬರಲಿಲ್ಲ ಅಂದರೆ ಕಟ್ಟಿದೆ. ಪೈಪ್ ಅರ್ಧ ಇಂಚಿಗಿಂತ ಸಣ್ಣದಿದ್ದರೆ ಬದಲಿಸಿ. ಎಲ್ಲೂ ಕೆಳಕ್ಕೆ ಜೋಲು ಬೀಳದ ಹಾಗೆ ಏರುಮುಖವಾಗಿ ಒಯ್ಯಬೇಕು, ಇಲ್ಲದಿದ್ದರೆ ಜೋಲಿನಲ್ಲಿ ನೀರು ನಿಂತು ಅದೇ ಬಿರಟೆ ಆಗುತ್ತದೆ. ತುದಿಗೆ ಸ್ಟೀಲ್ ಜಾಲರಿ ಕಟ್ಟಿ. ಇಷ್ಟು ಮಾಡದೆ ವೆಲ್ಡಿಂಗ್ ಕೆಲಸಕ್ಕೆ ಕೈ ಹಾಕಬೇಡಿ.

ಇನ್ನು ಉಳಿದರ್ಧ ಕಾರಣ. ಅದೇ ಮೂಲೆ ಎರಡನೇ ಸಲ ಯಾಕೆ ಬಿಟ್ಟಿತು?

ಬೈಂಡಿಂಗ್ ವೈರನ್ನು ಕಟರ್ ಇಲ್ಲದಾಗ ಹೇಗೆ ತುಂಡು ಮಾಡುತ್ತೀರಿ? ಎಳೆದರೆ ತುಂಡಾಗುವುದಿಲ್ಲ. ಅದೇ ಜಾಗದಲ್ಲಿ ಆ ಕಡೆ ಈ ಕಡೆ ಏಳೆಂಟು ಸಲ ಬಗ್ಗಿಸುತ್ತೀರಿ, ಬಿಸಿಯಾಗಿ ಪಟಕ್ಕನೆ ಬರುತ್ತದೆ. ನಿಮ್ಮ ಟ್ಯಾಂಕಿನ ಕಟ್ಟೂ ಭಾರಕ್ಕೆ ಮುರಿದಿಲ್ಲ, ಹಾಗೆ ಬಗ್ಗಿ ಬಗ್ಗಿ ಮುರಿದಿದೆ. ಚಾಸಿಯಿಂದ ಕೆಳಕ್ಕೆ ಇಳಿದ ಕಾಲುಗಳು ಉಯ್ಯಾಲೆಯ ಹಗ್ಗದ ಹಾಗೆ ನೇರ ನಿಂತಿವೆ. ಬ್ರೇಕ್ ಹಾಕಿದಾಗ ನೀರೆಲ್ಲ ಮುಂದಕ್ಕೆ ನುಗ್ಗುತ್ತದೆ, ಬಿಟ್ಟಾಗ ಹಿಂದಕ್ಕೆ ಬಡಿಯುತ್ತದೆ. ಟ್ಯಾಂಕ್ ಅರ್ಧ ತುಂಬಿದ್ದಾಗ ಈ ಬಡಿತ ಜಾಸ್ತಿ. ಅದರ ಮೇಲೆ ಆಕ್ಸಲ್‌ನ ಆಚೆ ಇರುವ ಭಾಗ ಗಾಡಿಯಲ್ಲೇ ಅತಿ ಹೆಚ್ಚು ಎತ್ತಿ ಕುಕ್ಕುವ ಜಾಗ. ಬಸ್ಸಿನ ಕೊನೇ ಸೀಟಿನಲ್ಲಿ ಕೂತವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಸ್ಟೆಪ್ನಿ ಅಲ್ಲಿ ಸುಖವಾಗಿತ್ತು, ಯಾಕೆಂದರೆ ಅದರ ತೂಕ ಐವತ್ತು ಕೆಜಿ ಆಸುಪಾಸು, ಜೊತೆಗೆ ಅದು ಒಳಗೊಳಗೇ ಕುಣಿಯುವುದಿಲ್ಲ.

ಬಿರುಕು ಶುರುವಾಗುವುದು ವೆಲ್ಡಿಂಗ್ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ. ಅದರ ಮೇಲೇ ಇನ್ನೊಂದು ರಾಡ್ ಎಳೆದರೆ ಆ ಜಾಗ ಗಟ್ಟಿಯಾಗುತ್ತದೆ, ಬಗ್ಗುವ ಕೆಲಸ ಅರ್ಧ ಇಂಚು ಪಕ್ಕಕ್ಕೆ ಸರಿಯುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಹೀಗೆ ಮೂರು ಪದರ ವೆಲ್ಡ್ ಮೆತ್ತಿ, ‘ಇನ್ನು ಗಾಡಿ ಹೋದರೂ ಇದು ಹೋಗಲ್ಲ’ ಅಂತ ಗಿರಾಕಿಗೆ ಹೇಳಿ ಕಳಿಸಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಗಾಡಿ ವಾಪಸ್ ಬಂತು. ನನ್ನ ವೆಲ್ಡಿಂಗ್ ಹಾಗೇ ಇತ್ತು. ಪಕ್ಕದ ಆಂಗಲ್ ಬ್ಲೇಡಿನಲ್ಲಿ ಕೊಯ್ದ ಹಾಗೆ ಸೀಳಿತ್ತು.

ಜೊತೆಗೆ ನಿಮ್ಮ ಆಂಗಲ್ ನಿಜಕ್ಕೂ ಸಣ್ಣದು. ಚಾಸಿ ಚಾನೆಲ್‌ಗಳ ನಡುವೆ 70 ಸೆಂ.ಮೀ. ಇದೆ ಅಂತ ಇಟ್ಟುಕೊಳ್ಳೋಣ. ಎರಡೇ 25 ಎಂಎಂ ಆಂಗಲ್ ಮೇಲೆ 200 ಕೆಜಿ ಕೂತರೆ, ಗಾಡಿ ನಿಂತಲ್ಲೇ ನಿಂತಿದ್ದರೂ ಆ ಕಬ್ಬಿಣ ತನ್ನ ತಾಕತ್ತಿನ ಮುಕ್ಕಾಲು ಭಾಗ ಖರ್ಚು ಮಾಡಿಕೊಂಡಿರುತ್ತದೆ. ಗುಂಡಿಗೆ ಬಿದ್ದಾಗ ಭಾರ ಎರಡು ಮೂರು ಪಟ್ಟು ಆಗುತ್ತದೆ ಅಂತ ಹಿಡಿದೇ ಇಂಥ ಕಟ್ಟು ಮಾಡಬೇಕು. ಇಲ್ಲಿ ಆ ಅವಕಾಶವೇ ಇಲ್ಲ. ಐದು ವರ್ಷ ಹೇಗೆ ನಿಂತಿತು ಅನ್ನುವುದೇ ಆಶ್ಚರ್ಯ. ಅದೇ 40 ಎಂಎಂ ಆಂಗಲ್, 5 ಎಂಎಂ ದಪ್ಪದ್ದು ಹಾಕಿದರೆ ಬಗ್ಗುವುದನ್ನು ತಡೆಯುವ ಶಕ್ತಿ ನಾಲ್ಕು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ತೂಕ ಮಾತ್ರ ಮೀಟರಿಗೆ 1.1 ಕೆಜಿ ಇದ್ದದ್ದು 3 ಕೆಜಿ ಆಗುತ್ತದೆ. ಅಂಥದ್ದು ಮೂರು ಹಾಕಿ. ಆಗ ಮೂರು ಪಟ್ಟು ಭಾರ ಬಿದ್ದರೂ ಅದರ ತಾಕತ್ತಿನ ಅರ್ಧವೂ ಖರ್ಚಾಗುವುದಿಲ್ಲ. 50 ಎಂಎಂ ಹಾಕಿ, ಚಾನೆಲ್ ಹಾಕಿ ಅಂತ ವೆಲ್ಡಿಂಗ್ ಶಾಪಿನವರು ಹುರಿದುಂಬಿಸುತ್ತಾರೆ. ಬೇಡ. ಆ ತೂಕವೂ ಆಕ್ಸಲ್ ಆಚೆಯೇ ನೇತಾಡುತ್ತದೆ.

ಹಾಗಾಗಿ ಹಳೇ ಕಟ್ಟನ್ನು ಪೂರ್ತಿ ತೆಗೆದು ಹೊಸದು ಮಾಡಿಸಿ. ರಿಪೇರಿ ಬೇಡ. ಕರಾವಳಿಯ ಉಪ್ಪುಗಾಳಿ, ಮಳೆ, ಟೈರ್ ಎರಚುವ ಕೆಸರು ಎಲ್ಲ ತಿಂದ 3 ಎಂಎಂ ಆಂಗಲ್‌ನಲ್ಲಿ ಎಷ್ಟು ಕಬ್ಬಿಣ ಉಳಿದಿದೆ ಅಂತ ಸುತ್ತಿಗೆಯಲ್ಲಿ ತಟ್ಟಿ ನೋಡಿ, ಗೊತ್ತಾಗುತ್ತದೆ.

ಟ್ಯಾಂಕ್ ಇಳಿಸುವಾಗ ಖಾಲಿ ಇದ್ದರೂ ಅಡಿಗೆ ಹಲಗೆ ಇಟ್ಟು ಜ್ಯಾಕ್ ಕೊಡಿ. ಪೈಪ್‌ಗಳನ್ನು ಮೊದಲು ಬಿಚ್ಚಿ. ಇಳಿಸಿದ ಮೇಲೆ ಸಮತಟ್ಟು ನೆಲದಲ್ಲಿಟ್ಟು ಮೂಲೆ ಒತ್ತಿ ನೋಡಿ. ತೊಟ್ಟಿಲಿನ ಹಾಗೆ ಆಡಿದರೆ ತಳ ಕಾಯಂ ಉಬ್ಬಿದೆ ಅಂತ ಅರ್ಥ. ಒಂದು ಬೆರಳಿನಷ್ಟು ಉಬ್ಬಿದ್ದರೆ ಚಿಂತೆಯಿಲ್ಲ. ಆಮೇಲೆ ನೀರಿನ ಪೈಪ್ ಕೂರುವ ಜಾಗಗಳ ಸುತ್ತ ನೋಡಿ. ಆಂಗಲ್ ಅಂಚು ಉಜ್ಜಿದ ಗೆರೆಗಳನ್ನು ಉಗುರಿನಲ್ಲಿ ಕೆರೆದು ನೋಡಿ. ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಆಳ ಇದ್ದರೆ ಟ್ಯಾಂಕ್ ಬದಲಿಸುವುದೇ ಒಳ್ಳೆಯದು. ಸೋರುವ ಕಡೆ ಎಂ-ಸೀಲ್, ಅರಾಲ್ಡೈಟ್ ಹಚ್ಚಿ ಸಮಯ ಹಾಳು ಮಾಡಬೇಡಿ. ಇದು ಪಾಲಿಥೀನ್, ಇದಕ್ಕೆ ಇಂಥ ಮಾಮೂಲಿ ಅಂಟು ಹಿಡಿಯುವುದಿಲ್ಲ. ಎರಡು ದಿನ ಹಿಡಿದ ಹಾಗೆ ಕಂಡು ಮೂರನೇ ದಿನ ಸಿಪ್ಪೆಯ ಹಾಗೆ ಎದ್ದುಬರುತ್ತದೆ. ಅದೇ ಜಾತಿಯ ಪ್ಲಾಸ್ಟಿಕ್ ರಾಡ್ ಇಟ್ಟು ಬಿಸಿಗಾಳಿಯಲ್ಲಿ ಬೆಸುಗೆ ಹಾಕುವವರ ಹತ್ತಿರ ಹೋಗಬೇಕು. ಟ್ಯಾಂಕ್ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ. ತಪ್ಪು ಟ್ಯಾಂಕಿನದ್ದಲ್ಲ.

ಈಗ ಕಟ್ಟು. ಅಡ್ಡಕ್ಕೆ ಮೂರು 40 ಎಂಎಂ ಆಂಗಲ್: ಮುಂದೊಂದು, ನಡುವೊಂದು, ಹಿಂದೊಂದು. ಚಪ್ಪಟೆ ಮುಖ ಮೇಲಕ್ಕೆ, ನಿಂತ ಮುಖ ಕೆಳಕ್ಕೆ. ಉದ್ದಕ್ಕೆ ಎರಡು ಬದಿಗೂ ಒಂದೊಂದು ಆಂಗಲ್, ಅದರ ನಿಂತ ಮುಖ ಮೇಲಕ್ಕಿದ್ದು ಟ್ಯಾಂಕಿಗೆ ಕಟ್ಟೆಯ ಹಾಗೆ ಆಗಬೇಕು. ಮುಂದೆ ಹಿಂದೆಯೂ ಎರಡು ಇಂಚಿನ ಕಟ್ಟೆ ಕೊಡಿ. ಟ್ಯಾಂಕ್ ಅದರೊಳಗೆ ತಟ್ಟೆಯಲ್ಲಿ ಇಡ್ಲಿ ಕೂತ ಹಾಗೆ ಕೂರಬೇಕು, ಬೆರಳು ಹೋಗುವಷ್ಟೂ ಆಟ ಇರಬಾರದು. ಮೂರು ಆಂಗಲ್ ನಡುವಿನ ಖಾಲಿಯಲ್ಲಿ ಪ್ಲಾಸ್ಟಿಕ್ ತಳ ಜೋಲು ಬೀಳುತ್ತದೆ. ಹಾಗಾಗಿ ಮೇಲೆ ಉದ್ದಕ್ಕೆ ನಾಲ್ಕೈದು ಫ್ಲಾಟ್ ಪಟ್ಟಿ ಎಳೆಯಿಸಿ. ಪೂರ್ತಿ ಶೀಟ್ ಹಾಕಿಸುವುದು ನನಗೆ ಇಷ್ಟವಿಲ್ಲ, ಕೆಸರು ನಿಲ್ಲುತ್ತದೆ. ಪ್ಲೈವುಡ್ ಅಂತೂ ಬೇಡವೇ ಬೇಡ. ಟ್ಯಾಂಕ್ ತಾಗುವ ಕಡೆಗಳಲ್ಲೆಲ್ಲ ಹಳೇ ಟ್ಯೂಬಿನ ರಬ್ಬರ್ ಪಟ್ಟಿ ಅಂಟಿಸಿ.

ಆಮೇಲೆ ಕಾಲುಗಳು. ಪ್ರತಿ ಅಡ್ಡ ಆಂಗಲ್‌ನ ಎರಡು ತುದಿಯಲ್ಲೂ ಒಂದೊಂದು, ಒಟ್ಟು ಆರು. ಒಂದೊಂದಕ್ಕೂ ಚಾಸಿಗೆ ಸೇರುವ ಕಡೆ ಒಂದರ ಕೆಳಗೊಂದು ಎರಡು ಬೋಲ್ಟ್. ಒಂದೇ ಬೋಲ್ಟ್ ಇದ್ದರೆ ಕಾಲು ಅದರ ಸುತ್ತ ತಿರುಗುತ್ತದೆ. ಕಾಲು ಮತ್ತು ಆಂಗಲ್ ಸೇರುವ ಮೂಲೆಗೆ ಗಸೆಟ್, ಅಂದರೆ ತ್ರಿಕೋನದ ಕಬ್ಬಿಣದ ತುಂಡು ಇಡಿಸಿ. ನಿಮ್ಮ ಹಳೇ ಕಟ್ಟಿನಲ್ಲಿ ಇಲ್ಲದ, ಹೊಸದರಲ್ಲಿ ಇರಲೇಬೇಕಾದ ತುಂಡು ಅಂದರೆ ಓರೆ ಆಸರೆ. ಮುಂದಿನ ಕಾಲಿನ ಬುಡದಿಂದ ಓರೆಯಾಗಿ ಹಿಂದಕ್ಕೆ ಮೇಲೆ ಹೋಗಿ ಚಾಸಿಗೆ ಸೇರುವ ಒಂದು ಆಂಗಲ್, ಎರಡೂ ಬದಿಗೆ. ಇದೊಂದು ಬಂದರೆ ಉಯ್ಯಾಲೆ ನಿಲ್ಲುತ್ತದೆ. ಜೋರಾಗಿ ಬ್ರೇಕ್ ಹಿಡಿದಾಗ 150 ಕೆಜಿಗೂ ಮೇಲೆ ಮುಂದಕ್ಕೆ ತಳ್ಳುವ ಬಲವನ್ನು ಹಿಡಿಯುವುದು ಇದೇ. ಇಡೀ ಕೆಲಸದಲ್ಲಿ ಒಂದನ್ನೇ ಮಾಡಿಸಲು ದುಡ್ಡಿದೆ ಅಂದರೆ ನಾನು ಇದನ್ನೇ ಮಾಡಿಸಿ ಅನ್ನುತ್ತೇನೆ.

ಚಾಸಿಗೆ ವೆಲ್ಡ್ ಮಾಡಬೇಡಿ, ಬೋಲ್ಟ್ ಹಾಕಿ. ಚಾಸಿ ಚಾನೆಲ್‌ಗೆ ಮೇಲೆ ಕೆಳಗೆ ಅಡ್ಡ ತುಟಿ, ನಡುವೆ ನಿಂತ ಗೋಡೆ ಇದೆಯಲ್ಲ, ತೂತು ಕೊರೆಯುವುದಾದರೆ ಆ ಗೋಡೆಗೆ ಮಾತ್ರ. ತುಟಿಗೆ ಡ್ರಿಲ್ ಇಡಲೇಬೇಡಿ. ಗಾಡಿಯ ಭಾರಕ್ಕೆ ಚಾಸಿ ಬಗ್ಗುವಾಗ ಎಲ್ಲಕ್ಕಿಂತ ಜಾಸ್ತಿ ಎಳೆತ ಬೀಳುವುದು ಆ ತುಟಿಗಳಿಗೇ. ಅಲ್ಲಿ ಒಂದು ತೂತು ಅಂದರೆ ನಾಳೆ ಒಂದು ಬಿರುಕು. ನಿಮ್ಮ ಅದೃಷ್ಟಕ್ಕೆ ಸ್ಟೆಪ್ನಿ ಬ್ರ್ಯಾಕೆಟ್‌ನ ಹಳೇ ತೂತುಗಳು ಗೋಡೆಯಲ್ಲಿ ಖಾಲಿ ಇರಬೇಕು, ಆದಷ್ಟು ಅವನ್ನೇ ಬಳಸಿ. ಹೊಸದು ಕೊರೆದರೆ ಅಂಚು ಉಜ್ಜಿ, ತೂತಿನೊಳಗೂ ಪ್ರೈಮರ್ ಹಚ್ಚಿ.

ಬೋಲ್ಟ್ 12 ಎಂಎಂ, ತಲೆಯ ಮೇಲೆ 8.8 ಅಂತ ಅಚ್ಚಿರಬೇಕು, ಅದು ಬೋಲ್ಟಿನ ಗಟ್ಟಿತನದ ಗುರುತು. ಅಚ್ಚೇ ಇಲ್ಲದ ಬೋಲ್ಟನ್ನು ಅಂಗಡಿಯವರು ಎಷ್ಟೇ ಗಟ್ಟಿ ಅಂದರೂ ಬೇಡ. ಎರಡೂ ಕಡೆ ದಪ್ಪ ವಾಷರ್, ನೈಲಾಕ್ ನಟ್ (ಸಡಿಲವಾಗದ ಹಾಗೆ ಒಳಗೆ ನೈಲಾನ್ ಬಳೆ ಇರುವುದು). ಬಿಗಿ ಎಷ್ಟಾಯಿತು ಅಂತ ತೋರಿಸುವ ಟಾರ್ಕ್ ಪಾನಾ ಇದ್ದವರ ಹತ್ತಿರ 80 ನ್ಯೂಟನ್ ಮೀಟರಿಗೆ ಬಿಗಿ ಮಾಡಿಸಿ.

ವೆಲ್ಡಿಂಗ್ ಕೆಲಸ ಆದಷ್ಟೂ ನೆಲದ ಮೇಲೇ ಮುಗಿಯಲಿ. ಗಾಡಿಯಲ್ಲಿ ಅಳತೆಗೆ ಟಾಕ (ಚುಕ್ಕಿಯಷ್ಟು ತಾತ್ಕಾಲಿಕ ವೆಲ್ಡ್) ಹಾಕಿಸಿಕೊಂಡು, ಬಿಚ್ಚಿ ತಂದು, ಕೆಳಗಿಟ್ಟು ಪೂರ್ತಿ ಮಾಡಿಸಿ. ಆ ಟಾಕ ಹಾಕುವ ಎರಡು ನಿಮಿಷಕ್ಕೂ ಗಾಡಿ ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಬೇಕು. ಒಳಗಿನ ಇನ್ವರ್ಟರ್ ಬ್ಯಾಟರಿ, ಸೋಲಾರ್ ಇದ್ದರೆ ಅವನ್ನೂ. ಅರ್ತ್ ಕ್ಲಿಪ್ಪನ್ನು ಬೆಸುಗೆ ಹಾಕುವ ತುಂಡಿಗೇ ಕಚ್ಚಿಸಿ. ಎಷ್ಟೋ ಜನ ಬಂಪರಿಗೆ ಕಚ್ಚಿಸುತ್ತಾರೆ, ಕರೆಂಟ್ ಎಲ್ಲೆಲ್ಲೋ ಹಾದು ಹೋಗುತ್ತದೆ. ಬ್ರೇಕ್ ಪೈಪ್, ಡೀಸೆಲ್ ಪೈಪ್, ವೈರಿಂಗ್ ಮೇಲೆ ಒದ್ದೆ ಗೋಣಿ ಹೊದಿಸಿ. ಕೆಲಸ ಮುಗಿದ ಮೇಲೆ ಗ್ರೈಂಡ್ ಮಾಡಿ, ಪ್ರೈಮರ್ ಎರಡು ಕೋಟ್, ಮೇಲೆ ಎನಾಮಲ್. ಬರೀ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಇನ್ನೊಂದು ಸಲ ಮುರುಡೇಶ್ವರಕ್ಕೆ ಹೋಗಿ ಬರುವಷ್ಟರಲ್ಲಿ ತುಕ್ಕು.

ಸೈಲೆನ್ಸರ್ ಪೈಪ್ ಎಲ್ಲಿ ಹಾದುಹೋಗಿದೆ ನೋಡಿಕೊಳ್ಳಿ. ಟ್ಯಾಂಕಿಗೆ ಒಂದು ಗೇಣಾದರೂ ದೂರ ಇರಬೇಕು. ಇಲ್ಲದಿದ್ದರೆ ನಡುವೆ ತಗಡು ಅಡ್ಡ ಕಟ್ಟಿಸಿ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದರೆ ಎಂಥ ಆಂಗಲ್ ಹಾಕಿದರೂ ಅದರ ನಡುವೆ ಟ್ಯಾಂಕ್ ಇಳಿಯುತ್ತದೆ.

ಟ್ಯಾಂಕ್ ಕೂರಿಸಿದ ಮೇಲೆ ಮೇಲಿಂದ ಎರಡು ಪಟ್ಟಿ, ಅಡಿಗೆ ರಬ್ಬರ್. ಖಾಲಿ ಇರುವಾಗ ಕೈಬಿಗಿ ಮಾತ್ರ ಮಾಡಿ. ನೀರು ತುಂಬಿ ಟ್ಯಾಂಕ್ ತನ್ನ ಜಾಗದಲ್ಲಿ ಇಳಿದು ಕೂತ ಮೇಲೆ ಉಳಿದಷ್ಟು ಬಿಗಿ ಮಾಡಿ. ಪಟ್ಟಿ ಪ್ಲಾಸ್ಟಿಕ್ಕಿಗೆ ಕಚ್ಚಿ ಗುಳಿ ಬೀಳುವಷ್ಟು ಬೇಡ. ನೀರಿನ ಪೈಪನ್ನು ಸಿಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನಲ್ಲೇ ಟ್ಯಾಂಕಿನ ತನಕ ತಂದಿದ್ದರೆ ಕೊನೆಯ ಒಂದೂವರೆ ಅಡಿ ಮೆದು ಹೋಸ್ ಹಾಕಿ. ಟ್ಯಾಂಕ್ ಸ್ವಲ್ಪ ಅಲುಗಿದರೂ ಗಟ್ಟಿ ಪೈಪ್ ಟ್ಯಾಂಕಿನ ಕಿವಿ ಹಿಂಡುತ್ತದೆ, ಸೋರಿಕೆ ಶುರುವಾಗುವುದು ಅಲ್ಲಿಂದಲೇ.

ಟ್ಯಾಂಕನ್ನು ಒಳಗೆ ಸೀಟಿನ ಕೆಳಗೆ ತರಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊಸದಾಗಿ ಗಾಡಿ ಕಟ್ಟುವುದಾದರೆ ನಾನು ಆಕ್ಸಲ್ ಮುಂದೆ, ಒಳಗೇ ಇಡಿಸುತ್ತಿದ್ದೆ. ಈಗ ಅದಕ್ಕಾಗಿ ಮರದ ಕೆಲಸವೆಲ್ಲ ಕಿತ್ತು ಹಾಕುವಷ್ಟು ಅಗತ್ಯವಿಲ್ಲ. ಅದಕ್ಕಿಂತ ಸುಲಭದ್ದು, ಪ್ರಯಾಣದಲ್ಲಿ ಅರವತ್ತು ಎಪ್ಪತ್ತು ಲೀಟರ್ ಮಾತ್ರ ಇಟ್ಟುಕೊಂಡು ಮಿಕ್ಕಿದ್ದನ್ನು ತಂಗುವ ಊರಿನಲ್ಲಿ ತುಂಬಿಸಿ. ಮಲೆನಾಡು, ಕರಾವಳಿ ಸುತ್ತುವವರು 200 ಲೀಟರ್ ನೀರು ಹೊತ್ತು ಘಾಟಿ ಹತ್ತುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕೊನೆಗೆ ಎಲ್ಲ ಹನ್ನೆರಡು ನಟ್ ಮೇಲೂ, ಓರೆ ಆಸರೆಯ ನಟ್ ಮೇಲೂ, ನಟ್‌ನಿಂದ ಚಾಸಿಗೆ ಹಾಯುವ ಹಾಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ, ಆಮೇಲೆ ಮೊದಲ ಘಾಟಿ ಇಳಿದ ಮೇಲೆ ಇನ್ನೊಂದು ಸಲ. ಗೆರೆ ಮುರಿದಿದ್ದರೆ ಆ ನಟ್ ತಿರುಗಿದೆ. ಮತ್ತೆ ಬಿಗಿ ಮಾಡಿ ಹೊಸ ಗೆರೆ ಎಳೆಯಿರಿ. ಅದೇ ನಟ್ ಎರಡನೇ ಸಲವೂ ತಿರುಗಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಆ ಬದಿಯ ಓರೆ ಆಸರೆ ಸರಿಯಾಗಿ ಕೂತಿಲ್ಲ ಅಂತ ಲೆಕ್ಕ. ಮತ್ತೆ ಆ ಬಟ್ಟೆ ತುಂಡನ್ನು ಗಾಡಿಯಲ್ಲಿ ಇಟ್ಟುಕೊಳ್ಳಬೇಡಿ. ಇದ್ದರೆ ಯಾವತ್ತೋ ಅವಸರದಲ್ಲಿ ಕೈ ಅದರ ಕಡೆಗೇ ಹೋಗುತ್ತದೆ.